ಮಗನ ನೋಟ್‌ಬುಕ್ಕಿನ ಹಾಳೆ, ಅಮ್ಮನ ಕಾಫಿ

ನಮ್ಮೂರು ಐಹೊಳೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಹೆಸರು ಗೊತ್ತು. ಮೇಗುತಿ ಗುಡಿಯ ಶಾಸನ, ಬರೆದವನು ರವಿಕೀರ್ತಿ, ದೊರೆ ಇಮ್ಮಡಿ ಪುಲಕೇಶಿ, ಕ್ರಿ.ಶ. 634. ಆ ಒಂದು ಅಂಕ ನನಗೆ ಯಾವತ್ತೂ ತಪ್ಪಿಲ್ಲ. ತಕರಾರಿರುವುದು ಉಳಿದ ಅಂಕಗಳದ್ದು. ಎರಡು ಸಲ ಪರೀಕ್ಷೆ ಬರೆದು, ಎರಡೂ ಸಲ ಕಟ್‌ಆಫ್‌ನ ಹೊಸ್ತಿಲಲ್ಲಿ ನಿಂತು, ಕಳೆದ ವರ್ಷ ಬೆಂಗಳೂರಿನ ಪಿ.ಜಿ. ಖಾಲಿ ಮಾಡಿ ಊರಿಗೆ ವಾಪಸಾದೆ. ಬರುವಾಗ ಪುಸ್ತಕದ ಚೀಲಗಳ ಜತೆಗೆ ಒಂದು ಚಟವನ್ನೂ ಕಟ್ಟಿಕೊಂಡು ಬಂದೆ. ಅದು ಕಾಫಿ.

ನಮ್ಮ ಕಡೆ ಬೆಳಗಾಗುವುದೇ ಚಹಾದಿಂದ. ಬೀಗರು ಬಂದರೆ ಚಹಾ, ಮಣ್ಣಿಗೆ ಹೋಗಿ ಬಂದವರಿಗೂ ಚಹಾ, ಹೊಲದಲ್ಲಿ ಕಳೆ ತೆಗೆಯುವವರಿಗೆ ಹತ್ತು ಗಂಟೆಗೆ ಕ್ಯಾನಿನಲ್ಲಿ ಒಯ್ಯುವುದೂ ಚಹಾ. ಕಾಫಿ ಅಂದರೆ ಎರಡು ರೂಪಾಯಿ ಚೀಟಿನಲ್ಲಿ ಬರುವ, ಬಿಸಿ ಹಾಲಿಗೆ ಹಾಕಿ ಕಲಕುವ ಪುಡಿ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬ 17ನೇ ಶತಮಾನದ ಕತೆಯನ್ನು ಎಲ್ಲರೂ ಓದಿದ್ದೇವೆ. ಆ ಬೆಟ್ಟದಿಂದ ನಮ್ಮ ಮನೆಯ ಒಲೆಯ ತನಕ ಬರಲು ಕಾಫಿಗೆ ಸುಮಾರು ಮುನ್ನೂರೈವತ್ತು ವರ್ಷ ಹಿಡಿಯಿತು.

ಪಿ.ಜಿ.ಯಲ್ಲಿ ನನ್ನ ರೂಮಿನಲ್ಲಿದ್ದವಳು ಮೂಡಿಗೆರೆ ಕಡೆಯ ಹುಡುಗಿ. ನಾನು ಹೊರಡುವ ದಿನ ಅರ್ಧ ಕಿಲೋ ಹುರಿದ ಬೀಜ, ಆಲಿಕೆಯಂಥ ಒಂದು ಪ್ಲಾಸ್ಟಿಕ್ ಡ್ರಿಪ್ಪರ್, ನೂರು ಫಿಲ್ಟರ್ ಕಾಗದಗಳ ಒಂದು ಪ್ಯಾಕೆಟ್ ಕೊಟ್ಟಿದ್ದಳು. ಊರಿಗೆ ಬಂದ ಮೊದಲ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಆ ಬೀಜವನ್ನು ಮಿಕ್ಸಿಗೆ ಹಾಕಿ, ಚಹಾದ ಹಾಗೆಯೇ ನೀರಿಗೆ ಸುರಿದು ಕುದಿಸಿ, ಜರಡಿಯಲ್ಲಿ ಸೋಸಿಬಿಟ್ಟಿದ್ದಳು. ಮಗಳ ಚಟಕ್ಕೆ ತನ್ನ ಕೈಯಿಂದ ಬೋಣಿಗೆ ಆಗಲಿ ಅಂತ. ಬಾಯಿಗಿಟ್ಟರೆ ಕಹಿ, ಹಲ್ಲಿನ ಸಂದಿಯಲ್ಲೆಲ್ಲ ಚರಟ. ಅಪ್ಪ ಒಂದು ಗುಟುಕು ಕುಡಿದು, ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, ಹೊಲದ ಕಡೆ ಹೊರಟುಹೋದ.

ಆ ಕಪ್ಪನ್ನು ಹಿಡಿದುಕೊಂಡೇ ನಾನು ಕಾಗದದ ಪ್ಯಾಕೆಟ್ಟಿನ ಮೇಲಿನ ಹೆಸರನ್ನು ಮೊದಲ ಸಲ ಸರಿಯಾಗಿ ಓದಿದ್ದು. ಮೆಲಿಟಾ. ಅದೊಂದು ಕಂಪನಿಯ ಹೆಸರು ಎಂದಷ್ಟೇ ತಿಳಿದಿದ್ದೆ. ಹುಡುಕುತ್ತ ಹೋದರೆ ಅದು ಒಬ್ಬ ಹೆಂಗಸಿನ ಹೆಸರು. ನಮ್ಮವ್ವ ಅವತ್ತು ಮಾಡಿದಂಥ ಕಾಫಿಯನ್ನೇ ದಿನವೂ ಕುಡಿದು ಬೇಸತ್ತು, ಅದಕ್ಕೊಂದು ದಾರಿ ಕಂಡುಕೊಂಡವಳು.

ಮೆಲಿಟಾ ಹುಟ್ಟಿದ್ದು 1873ರ ಜನವರಿ 31ರಂದು, ಜರ್ಮನಿಯ ಡ್ರೆಸ್ಡನ್‌ನಲ್ಲಿ. ತಂದೆ ಪುಸ್ತಕ ವ್ಯಾಪಾರದವರು. ಹೂಗೊ ಬೆಂಟ್ಸ್ ಎಂಬಾತನನ್ನು ಮದುವೆಯಾಗಿ ಮೆಲಿಟಾ ಬೆಂಟ್ಸ್ ಆದಳು. ವಿಲ್ಲಿ ಮತ್ತು ಹೋರ್ಸ್ಟ್ ಎಂಬ ಇಬ್ಬರು ಗಂಡುಮಕ್ಕಳು. ಮೂವತ್ತೈದರ ತನಕ ಆಕೆಯ ಬಗ್ಗೆ ಜಗತ್ತು ಬರೆದಿಟ್ಟುಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ಮನೆ, ಮಕ್ಕಳು, ಅಡುಗೆ. ಇಪ್ಪತ್ತೈದಕ್ಕೆಲ್ಲ ವಯಸ್ಸು ಮೀರಿತು ಎಂದು ಕಂಗೆಡುವ ನನ್ನಂಥವರು ಈ ಸಾಲನ್ನು ಎರಡು ಸಲ ಓದಿಕೊಳ್ಳಬಹುದು. ನಾನಂತೂ ಓದಿಕೊಂಡೆ.

ಆ ಕಾಲದ ಜರ್ಮನಿಯ ಮನೆಗಳಲ್ಲಿ ಕಾಫಿ ಎಂದರೆ ಪುಡಿಯ ಮೇಲೆ ಬಿಸಿನೀರು ಸುರಿದು, ಚರಟ ತಳಕ್ಕೆ ಕೂರುವ ತನಕ ಕಾಯುವುದು. ಇಲ್ಲವೇ ಬಟ್ಟೆಯ ಚೀಲದಲ್ಲಿ ಸೋಸುವುದು. ಚೀಲವನ್ನು ಎಷ್ಟು ತೊಳೆದರೂ ಹಳೆಯ ಕಾಫಿಯ ಎಣ್ಣೆ ಹೋಗುವುದಿಲ್ಲ. ನಿನ್ನೆಯ ಕಮಟು ಇವತ್ತಿನ ಕಪ್ಪಿಗೆ ಬರುತ್ತದೆ. ಪರ್ಕೊಲೇಟರ್ ಎಂಬ ಪಾತ್ರೆಯಲ್ಲಿ ಅದೇ ಡಿಕಾಕ್ಷನ್ ಮತ್ತೆ ಮತ್ತೆ ಕುದಿದು ಪುಡಿಯ ಮೇಲೆ ಹರಿದು ಕಹಿಯಾಗುತ್ತಿತ್ತು. ಇಟಲಿಯಲ್ಲಿ ಎಸ್‌ಪ್ರೆಸೊ ಯಂತ್ರಗಳು ಆಗಷ್ಟೇ ಬಂದಿದ್ದವು. ಆದರೆ ಅವು ಕೆಫೆಗಳಿಗೆ; ಅಡುಗೆಮನೆಯೊಳಗೆ ಹಿಡಿಸುವಂಥವಲ್ಲ.

ಮೆಲಿಟಾ ಮಾಡಿದ್ದು ಇಷ್ಟು. ಒಂದು ಹಿತ್ತಾಳೆ ಪಾತ್ರೆ ತೆಗೆದುಕೊಂಡು ಅದರ ತಳಕ್ಕೆ ಮೊಳೆಯಿಂದ ತೂತು ಹೊಡೆದಳು. ದೊಡ್ಡ ಮಗ ವಿಲ್ಲಿಯ ಶಾಲೆಯ ನೋಟ್‌ಬುಕ್ಕಿನಿಂದ ಒಂದು ಬ್ಲಾಟಿಂಗ್ ಪೇಪರ್ ಕಿತ್ತುಕೊಂಡಳು. ಶಾಯಿಪೆನ್ನಿನ ಕಾಲದಲ್ಲಿ ಹಸಿ ಅಕ್ಷರದ ಮೇಲೆ ಒತ್ತಿ ಹೆಚ್ಚಿನ ಶಾಯಿ ಹೀರಿಸಲು ಇಡುತ್ತಿದ್ದ ಮೆತ್ತನೆಯ ಕಾಗದ ಅದು. ನಮ್ಮಜ್ಜನ ಲೆಕ್ಕದ ಪುಸ್ತಕದಲ್ಲಿ ಒಂದು ತುಂಡು ಈಗಲೂ ಇದೆ. ಅದನ್ನು ದುಂಡಗೆ ಕತ್ತರಿಸಿ ಪಾತ್ರೆಯ ತಳಕ್ಕೆ ಹಾಸಿ, ಮೇಲೆ ಕಾಫಿಪುಡಿ ಹಾಕಿ, ಬಿಸಿನೀರು ಸುರಿದಳು. ಕೆಳಗೆ ಇಳಿದದ್ದು ಚರಟವಿಲ್ಲದ ತಿಳಿ ಕಾಫಿ. ಕುಡಿದಾದ ಮೇಲೆ ಕಾಗದವನ್ನು ಚರಟದ ಸಮೇತ ಎತ್ತಿ ಎಸೆದರಾಯಿತು, ತೊಳೆಯುವ ರಗಳೆಯಿಲ್ಲ. ನೋಟ್‌ಬುಕ್ಕು ಹರಿದದ್ದಕ್ಕೆ ವಿಲ್ಲಿ ಶಾಲೆಯಲ್ಲಿ ಏನು ಹೇಳಿದನೋ!

ಇಲ್ಲಿಗೆ ನಿಂತಿದ್ದರೆ ಅದು ಒಂದು ಮನೆಯ ಜಾಣತನವಾಗಿ ಉಳಿಯುತ್ತಿತ್ತು. ಅಂಥ ಜಾಣತನ ನಮ್ಮ ಅವ್ವಂದಿರಲ್ಲಿ ಬೇಕಾದಷ್ಟಿದೆ. ಮೆಲಿಟಾ ಅದನ್ನು ಬರ್ಲಿನ್‌ನ ಪೇಟೆಂಟ್ ಕಚೇರಿಗೆ ಕಳಿಸಿದಳು. 1908ರ ಜೂನ್ 20ರಂದು ಆಕೆಯ ಹೆಸರಿನಲ್ಲೇ ಅದು ದಾಖಲಾಯಿತು. ಅದೇ ವರ್ಷ ಡಿಸೆಂಬರ್ 15ಕ್ಕೆ ಕಂಪನಿ ನೋಂದಣಿಯಾಯಿತು. ಮೂಲ ಬಂಡವಾಳ 73 ಫೆನಿಗ್. ನೂರು ಫೆನಿಗ್ ಸೇರಿದರೆ ಒಂದು ಮಾರ್ಕ್. ಅಂದರೆ ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿಯೂ ಪೂರಾ ಇಲ್ಲ, ಮುಕ್ಕಾಲು ರೂಪಾಯಿಗಿಂತ ಎರಡು ಪೈಸೆ ಕಡಿಮೆ. ಮನೆಯೇ ಕಾರ್ಖಾನೆ, ಗಂಡ ಮತ್ತು ಮಕ್ಕಳೇ ಮೊದಲ ಕೆಲಸಗಾರರು. ಗಂಡುಮಕ್ಕಳಿಬ್ಬರೂ ಕೈಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಅಂಗಡಿಗಳಿಗೆ ತಲುಪಿಸುತ್ತಿದ್ದರು. ಅಂಗಡಿಯವರಿಗೆ ಇದೇನೆಂದು ತಿಳಿಯದಿದ್ದಾಗ, ಅಂಗಡಿಯ ಗಾಜಿನ ಕಿಟಕಿಯೊಳಗೆ ನಿಂತು ಕಾಫಿ ಮಾಡಿ ತೋರಿಸಿದರು. 1909ರ ಲೈಪ್‌ಜಿಗ್ ಜಾತ್ರೆಯಲ್ಲಿ ಸುಮಾರು 1,200 ಫಿಲ್ಟರ್ ಮಾರಾಟವಾದವು. ಮುಂದೆ ಡ್ರೆಸ್ಡನ್‌ನ ಆರೋಗ್ಯ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು. 1911ರಲ್ಲಿ ಮಗಳು ಹೆರ್ಟಾ ಹುಟ್ಟಿದಳು.

ಗೆಲುವಿನ ಕತೆ ಇಷ್ಟೇ ಆಗಿದ್ದರೆ ನನಗೆ ಅಷ್ಟು ಹಿಡಿಸುತ್ತಿರಲಿಲ್ಲ. ಮೊದಲ ಮಹಾಯುದ್ಧ ಬಂತು. ಹೂಗೊನನ್ನು ಸೈನ್ಯಕ್ಕೆ ಕರೆದು ರೊಮೇನಿಯಾಕ್ಕೆ ಕಳಿಸಿದರು. ಲೋಹವೆಲ್ಲ ಜೆಪ್ಪೆಲಿನ್ ವಾಯುನೌಕೆಗಳಿಗೆ ಹೋಯಿತು. ಕಾಗದಕ್ಕೆ ರೇಷನ್ ಬಂತು. ಸಮುದ್ರದ ದಾರಿ ಕಟ್ಟಿದ್ದರಿಂದ ಕಾಫಿಬೀಜವೇ ಜರ್ಮನಿಗೆ ಬರುವುದು ನಿಂತಿತು. ಪಾತ್ರೆಗೆ ಲೋಹವಿಲ್ಲ, ಸೋಸಲು ಕಾಗದವಿಲ್ಲ, ಸೋಸಬೇಕಾದ ಕಾಫಿಯೇ ಇಲ್ಲ. ಮೂರು ಮಕ್ಕಳ ತಾಯಿ ಆ ವರ್ಷಗಳಲ್ಲಿ ರಟ್ಟಿನ ಪೆಟ್ಟಿಗೆ ಮಾರಿ ಮನೆ ನಡೆಸಿದಳು. ತಾನು ಕಂಡುಹಿಡಿದ ವಸ್ತುವಿಗೆ ಒಂದಿಷ್ಟೂ ಸಂಬಂಧವಿಲ್ಲದ ಕೆಲಸ. ಪರೀಕ್ಷೆ ಮುಂದಕ್ಕೆ ಹೋದ, ಅಧಿಸೂಚನೆ ಬಾರದ ತಿಂಗಳುಗಳಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತ ಕೂರುವಾಗ ನನಗೆ ಆ ರಟ್ಟಿನ ಪೆಟ್ಟಿಗೆಗಳೇ ನೆನಪಾಗುತ್ತವೆ.

ಟ್ಯೂಷನ್ ವಿಷಯ ಬಂದದ್ದಕ್ಕೆ ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಅವ್ವನ ಕಾಫಿ ಕೆಟ್ಟದ್ದು ಬರೀ ಕುದಿಸಿದ್ದರಿಂದ ಅಲ್ಲ. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಸಿಕ್ಕಸಿಕ್ಕಲ್ಲಿ ಕೊಚ್ಚುತ್ತದೆ. ಅರ್ಧ ಹಿಟ್ಟು, ಅರ್ಧ ಕಡಲೆಬೇಳೆ ಚೂರು. ಹಿಟ್ಟಾದ ಭಾಗದಿಂದ ರಸವೆಲ್ಲ ಇಳಿದು ಕಹಿಯೂ ಬಂದುಬಿಡುತ್ತದೆ. ಚೂರಿನಿಂದ ಇಳಿಯಬೇಕಾದದ್ದು ಇಳಿಯದೆ ಹುಳಿಹುಳಿ ನೀರಾಗುತ್ತದೆ. ಎರಡೂ ಒಂದೇ ಕಪ್ಪಿನಲ್ಲಿ. ಒಂದು ದಿನ ಅವ್ವ ಮನೆಯಲ್ಲಿಲ್ಲದಾಗ ಬೀಸುಕಲ್ಲಿಗೆ ಬೀಜ ಹಾಕಿದೆ. ಎರಡು ಕಲ್ಲುಗಳ ನಡುವೆ ಗೊತ್ತಾದಷ್ಟು ಸಂದಿ. ಅದಕ್ಕಿಂತ ದಪ್ಪದ ಚೂರು ಹೊರಗೆ ಬರಲಾರದು. ಪುಡಿ ಮಿಕ್ಸಿಯದಕ್ಕಿಂತ ಎಷ್ಟೋ ಸಮನಾಗಿ ಬಂತು. ಕಾಫಿಯೂ ಚೆನ್ನಾಗಿತ್ತು. ಆದರೆ ಮೂರು ದಿನ ಮನೆಯಲ್ಲಿ ಏನು ಬೀಸಿದರೂ ಕಾಫಿಯ ವಾಸನೆ. ಅವ್ವ ಬೀಸುಕಲ್ಲಿನ ಹತ್ತಿರ ಸುಳಿಯಬೇಡ ಅಂದಳು.

ಪೇಟೆಯಲ್ಲಿ ಸಾವಿರಗಟ್ಟಲೆ ಬೆಲೆಗೆ ಮಾರುವ ಬರ್ ಗ್ರೈಂಡರ್‌ಗಳೆಲ್ಲ ಇದೇ ಬೀಸುಕಲ್ಲಿನ ಮೊಮ್ಮಕ್ಕಳು. ಕಲ್ಲಿನ ಬದಲು ಹಲ್ಲಿರುವ ಉಕ್ಕು, ಸಂದಿಯನ್ನು ಹೆಚ್ಚುಕಡಿಮೆ ಮಾಡಲು ಒಂದು ತಿರುಪು, ಅಷ್ಟೇ ವ್ಯತ್ಯಾಸ. ಟ್ಯೂಷನ್ ದುಡ್ಡು ಕೂಡಿಟ್ಟು ಕೈಯಲ್ಲಿ ತಿರುಗಿಸುವ ಅಂಥದ್ದೊಂದನ್ನು 2,400 ರೂಪಾಯಿಗೆ ತರಿಸಿದೆ. ಅಪ್ಪನಿಗೆ ಎಂಟುನೂರು ಎಂದು ಹೇಳಿದೆ. ಅಪ್ಪ ಈ ಪುಟ ಓದುವುದಿಲ್ಲ, ಆದರೆ ಓದಿ ಹೇಳುವವರು ಊರಲ್ಲಿದ್ದಾರೆ.

ಮೆಲಿಟಾಳ ಕಾಗದದಲ್ಲಿ ಮಾಡುವ ಕಾಫಿಗೆ ಪುಡಿ ಸಣ್ಣ ರವೆಗಿಂತ ತುಸು ದಪ್ಪಗಿರಬೇಕು. 15 ಗ್ರಾಂ ಪುಡಿಗೆ 240 ಮಿಲಿಲೀಟರ್ ನೀರು. ಕುದಿ ಬಂದ ನೀರನ್ನು ಇಳಿಸಿ ಅರ್ಧ ನಿಮಿಷ ಬಿಡುತ್ತೇನೆ. ಮೊದಲು ಬರೀ ಕಾಗದವನ್ನು ಬಿಸಿನೀರಲ್ಲಿ ತೋಯಿಸಿ ಆ ನೀರು ಚೆಲ್ಲುತ್ತೇನೆ, ಕಾಗದದ ವಾಸನೆ ಹೋಗುತ್ತದೆ. ಆಮೇಲೆ ಪುಡಿ ನೆನೆಯುವಷ್ಟೇ ನೀರು. ಹೊಸದಾಗಿ ಹುರಿದ ಬೀಜವಾದರೆ ಒಳಗಿನ ಗಾಳಿ ಹೊರಬಂದು ಪುಡಿ ಉಬ್ಬುತ್ತದೆ; ಉಬ್ಬದಿದ್ದರೆ ಬೀಜ ಹಳೆಯದು. ಅರ್ಧ ನಿಮಿಷ ಬಿಟ್ಟು ಉಳಿದ ನೀರನ್ನು ನಿಧಾನ ಸುತ್ತಿ ಸುರಿದರೆ ಮೂರು ನಿಮಿಷಕ್ಕೆ ಇಳಿದು ಮುಗಿಯಬೇಕು. ಒಂದೂವರೆ ನಿಮಿಷಕ್ಕೇ ಮುಗಿದರೆ ಪುಡಿ ದಪ್ಪವಾಯಿತು, ಐದು ನಿಮಿಷವಾದರೂ ನಿಂತೇ ಇದ್ದರೆ ಸಣ್ಣವಾಯಿತು. ಗಡಿಯಾರ ನೋಡಿ ತಿರುಪು ತಿರುಗಿಸಿದರೆ ನಾಲ್ಕೈದು ದಿನದಲ್ಲಿ ಕೈಗೆ ಬರುತ್ತದೆ. ಇನ್ನೊಂದು ಮಾತು, ನಮ್ಮ ಬೋರಿನ ಸವಳು ನೀರಿನಲ್ಲಿ ಎಂಥ ಬೀಜವೂ ಸಪ್ಪೆ. ಐದು ರೂಪಾಯಿ ನಾಣ್ಯ ಹಾಕಿ ತರುವ ಶುದ್ಧ ನೀರಿನ ಘಟಕದ ನೀರಿನಲ್ಲಿ ಅದೇ ಬೀಜಕ್ಕೆ ಬೇರೆಯೇ ಜೀವ. ನೀರಿನ ಗಡಸುತನ ಕಾಫಿಯ ಹುಳಿಯನ್ನು ನುಂಗಿಬಿಡುತ್ತದೆ.

ಮತ್ತೆ ಮೆಲಿಟಾಳ ಕಡೆಗೆ ಬರೋಣ. ಯುದ್ಧ ಮುಗಿದ ಮೇಲೆ ವ್ಯಾಪಾರ ಚಿಗುರಿತು. ನಕಲಿ ಮಾಲು ಬರತೊಡಗಿತು. 1925ರಲ್ಲಿ ತಮ್ಮ ಪ್ಯಾಕೆಟ್ಟಿಗೆ ಕೆಂಪು-ಹಸಿರು ಬಣ್ಣ ಕೊಟ್ಟರು. ನನ್ನ ಕೈಯಲ್ಲಿರುವ ಪ್ಯಾಕೆಟ್ಟಿನ ಮೇಲೂ ಅವೇ ಬಣ್ಣ. ಡ್ರೆಸ್ಡನ್‌ನಲ್ಲಿ ಜಾಗ ಸಾಲದೆ 1929ರಲ್ಲಿ ಕಾರ್ಖಾನೆ ಮಿಂಡೆನ್ ಎಂಬ ಊರಿಗೆ ಹೋಯಿತು. 1932ರಲ್ಲಿ ಹೆಚ್ಚಿನ ಪಾಲನ್ನು ಗಂಡುಮಕ್ಕಳಿಗೆ ಬಿಟ್ಟುಕೊಟ್ಟರೂ ಮೆಲಿಟಾ ಒಂದು ವಿಷಯದಲ್ಲಿ ಕಣ್ಣಿಟ್ಟೇ ಇದ್ದಳು: ಕೆಲಸಗಾರರು. ಅವರಿಗೆ ಕ್ರಿಸ್‌ಮಸ್ ಬೋನಸ್, ವರ್ಷದ ರಜೆ 6 ದಿನದಿಂದ 15 ದಿನಕ್ಕೆ, ವಾರಕ್ಕೆ ಐದೇ ದಿನ ಕೆಲಸ. ಇವೆಲ್ಲ ಜಾರಿಗೆ ಬಂದದ್ದು ಸುಮಾರು ತೊಂಬತ್ತು ವರ್ಷದ ಹಿಂದೆ. ವಾರಕ್ಕೆ ಇಷ್ಟಿಷ್ಟು ಗಂಟೆ ದುಡಿಯಬೇಕು ಎಂಬ ಉಪದೇಶವನ್ನು ದಿನಾ ಕೇಳುವ ನಮ್ಮ ತಲೆಮಾರಿಗೆ ಇದು ಕುತೂಹಲದ ಸಂಗತಿ. ಈಗ ನಾವು ಕಾಣುವ ಆಲಿಕೆ ಆಕಾರದ ಫಿಲ್ಟರ್, ಅದಕ್ಕೆ ಹೊಂದುವ ಕಾಗದದ ಚೀಲ ಬಂದದ್ದೂ ಆ ದಶಕದಲ್ಲೇ.

ಆ ದಶಕದ ಜರ್ಮನಿಯಲ್ಲಿ ಇನ್ನೂ ಏನೇನು ನಡೆಯಿತೆಂದು ನಮಗೆ ಗೊತ್ತು. ಕಂಪನಿ ನಡೆಸುತ್ತಿದ್ದ ಮಗ ಹೋರ್ಸ್ಟ್ ನಾಜಿ ಪಕ್ಷವನ್ನೂ ಎಸ್‌ಎಸ್ ಪಡೆಯನ್ನೂ ಸೇರಿದ. ಎರಡನೇ ಯುದ್ಧದಲ್ಲಿ ಕಾರ್ಖಾನೆ ಕಾಫಿ ಫಿಲ್ಟರ್ ಬಿಟ್ಟು ಯುದ್ಧದ ಸಾಮಾನು ತಯಾರಿಸಿತು. ಸ್ಫೂರ್ತಿಯ ಕತೆಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಹಾರಿಸುತ್ತಾರೆ. ಮೊಳೆ ಹೊಡೆದ ಪಾತ್ರೆಯ ಕತೆಯನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ನನಗೇ ಕಸಿವಿಸಿ. ಯುದ್ಧದ ನಂತರ ಕಾರ್ಖಾನೆಯ ಕಟ್ಟಡ ಮಿತ್ರಪಡೆಗಳ ವಶವಾಗಿತ್ತು. ಸಿಕ್ಕ ಸಿಕ್ಕ ಜಾಗದಲ್ಲಿ ಮತ್ತೆ ಕೆಲಸ ಶುರುಮಾಡಿದರು. ಫಿಲ್ಟರ್ ಕಾಗದ ಮತ್ತೆ ತಯಾರಾಗುವುದನ್ನು ಮೆಲಿಟಾ ಕಣ್ಣಾರೆ ಕಂಡಳು. 1950ರ ಜೂನ್ 29ರಂದು, ಮಿಂಡೆನ್ ಹತ್ತಿರದ ಹೋಲ್ಟ್ಸ್‌ಹೌಸೆನ್‌ನಲ್ಲಿ ತೀರಿಕೊಂಡಾಗ ಆಕೆಗೆ 77 ವರ್ಷ.

ಅಂಗಡಿಯ ಕಿಟಕಿಯಲ್ಲಿ ನಿಂತು ಕಾಫಿ ಮಾಡಿ ತೋರಿಸಿದ ಚಿತ್ರ ನನ್ನ ತಲೆಯಿಂದ ಹೋಗಲೇ ಇಲ್ಲ. ನಮ್ಮೂರು ಒಂದು ಕಾಲಕ್ಕೆ ಅಯ್ಯಾವೊಳೆ ಐನೂರ್ವರ ಊರು. ಆ ವರ್ತಕರ ಸಂಘದ ಹೆಸರು ಸುಮಾತ್ರಾ ದ್ವೀಪದ 1088ರ ಒಂದು ಶಾಸನದಲ್ಲೂ ಇದೆ. ಅಂಥ ಊರಿನ ನಮ್ಮ ಮನೆಯಲ್ಲಿ ಯಾರೂ ಒಂದು ಬೆಂಕಿಪೊಟ್ಟಣವನ್ನೂ ಮಾರಿದವರಲ್ಲ. ಹೋದ ಚಳಿಗಾಲದ ಒಂದು ಭಾನುವಾರ ಚಿಕ್ಕಪ್ಪನ ಮಗನನ್ನು ಜತೆಗೆ ಕರೆದುಕೊಂಡು, ಎರಡು ಫ್ಲಾಸ್ಕ್ ತುಂಬಿಸಿ, ದುರ್ಗ ಗುಡಿಗೆ ಬರುವ ಪ್ರವಾಸಿಗರ ಬಸ್ಸು ನಿಲ್ಲುವಲ್ಲಿ ಒಂದು ಸ್ಟೂಲು ಹಾಕಿ ಕೂತೆ. ಕಪ್ಪಿಗೆ ಇಪ್ಪತ್ತು ರೂಪಾಯಿ. ಕಾಗದದಲ್ಲಿ ಸೋಸಿದ ತಿಳಿ ಕಪ್ಪು ಕಾಫಿ. ನನ್ನ ಪ್ರಕಾರ ಅದು ನಾನು ಮಾಡಿದ್ದರಲ್ಲೇ ಉತ್ತಮ. ಹೋಗಿದ್ದು ಒಂಬತ್ತು ಕಪ್ಪು. ಬಂದವರೆಲ್ಲ ಕೇಳಿದ್ದು ಒಂದೇ, ಹಾಲಿಲ್ಲವೇ ಅಂತ. ಫ್ಲಾಸ್ಕಿನಲ್ಲಿ ಉಳಿದದ್ದಕ್ಕೆ ಹಾಲು ಬೆರೆಸಿ ಕೊಟ್ಟರೆ ಅದು ಬರೀ ಬಣ್ಣದ ಹಾಲು. ತೆಳ್ಳಗಿನ ಕಾಫಿ ಹಾಲಿನಲ್ಲಿ ಮುಳುಗಿಹೋಗುತ್ತದೆ.

ಮೂಡಿಗೆರೆಯ ಗೆಳತಿಗೆ ಫೋನ್ ಮಾಡಿದೆ. ಬಿದ್ದು ಬಿದ್ದು ನಕ್ಕಳು. ಹಾಲಿನ ಕಾಫಿಗೆ ನಮ್ಮ ಎರಡು ಅಂತಸ್ತಿನ ಸ್ಟೀಲ್ ಫಿಲ್ಟರೇ ಸರಿ ಅಂದಳು. ಪುಡಿ ಕಾಗದದ್ದಕ್ಕಿಂತ ಸಣ್ಣಗೆ, ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ. ಮೇಲಿನ ಅಂತಸ್ತಿನಲ್ಲಿ ಪುಡಿಯನ್ನು ಹದವಾಗಿ ಒತ್ತಿ, ತಟ್ಟೆ ಇಟ್ಟು, ಕುದಿನೀರು ಹಾಕಿ ಮುಚ್ಚಿಟ್ಟರೆ ತೊಟ್ಟು ತೊಟ್ಟಾಗಿ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಚಿಕೋರಿ ನೀರು ಹಿಡಿದುಕೊಂಡು ನಿಧಾನ ಬಿಡುವುದರಿಂದ ಡಿಕಾಕ್ಷನ್ ಮಂದವಾಗುತ್ತದೆ, ಎಷ್ಟು ಹಾಲು ಹಾಕಿದರೂ ಎದೆಯೆತ್ತಿ ನಿಲ್ಲುತ್ತದೆ. ಪುಡಿ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ನೋಡಿ. ನಮ್ಮ ಕಾನೂನು ಚಿಕೋರಿಯನ್ನು ನೂರಕ್ಕೆ 49ರ ತನಕ ಒಪ್ಪುತ್ತದೆ, ಅಷ್ಟಾದರೆ ಅರ್ಧ ಕಾಫಿಗೆ ಪೂರ್ತಿ ದುಡ್ಡು ಕೊಟ್ಟಂತೆ. ಮುಂದಿನ ಭಾನುವಾರ ಮೂವತ್ತೊಂದು ಕಪ್ಪು ಹೋಯಿತು. ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ಮರಳಿ ಬಂದು ಎರಡನೇ ಸಲ ಕುಡಿಯಿತು.

ಅಪ್ಪ ಮಾತ್ರ ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಡಿಗ್ರಿ ಓದಿಸಿದ್ದು ರಸ್ತೆ ಬದಿಗೆ ಸ್ಟೂಲು ಹಾಕಿ ಕೂರಲಿಕ್ಕಾ ಎಂದು ಅವ್ವನ ಹತ್ತಿರ ಕೇಳಿದನಂತೆ. ಅಪ್ಪನ ಮಾತಿನಲ್ಲಿ ಅರ್ಧ ನಾಚಿಕೆ, ಅರ್ಧ ಹೆದರಿಕೆ. ಎಲ್ಲಿ ನಾನು ಓದು ಬಿಟ್ಟುಬಿಡುತ್ತೇನೋ ಎಂದು. ಓದು ಬಿಟ್ಟಿಲ್ಲ. ಬರುವ ತಿಂಗಳು ಪರೀಕ್ಷೆಯಿದೆ, ಮೂರನೆಯ ಸಲ. ಭಾನುವಾರದ ಸ್ಟೂಲನ್ನು ಸದ್ಯಕ್ಕೆ ಅಟ್ಟಕ್ಕೆ ಹಾಕಿದ್ದೇನೆ. ಫಲಿತಾಂಶ ಏನೇ ಬರಲಿ, ದಸರಾ ರಜೆಗೆ ಅದನ್ನು ಕೆಳಗಿಳಿಸುವ ವಿಚಾರವಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. 2,400ರ ವಿಷಯ ತೀರಿದ ಮೇಲೆ ಒಂದೊಂದಾಗಿ ಹೇಳುವುದು.

ಮೊನ್ನೆ ಬೆಳಿಗ್ಗೆ ಓದುತ್ತ ಕೂತಿದ್ದೆ. ಅಡುಗೆಮನೆಯಲ್ಲಿ ಅವ್ವ ಬಹಳ ಹೊತ್ತು ಸದ್ದಿಲ್ಲದೆ ನಿಂತಿದ್ದಳು. ಹೋಗಿ ನೋಡಿದರೆ ನನ್ನ ಡ್ರಿಪ್ಪರಿನಲ್ಲಿ ಕಾಗದ ಹಾಕಿ, ಹಾಲು ಬೆರೆಸಿ ಕುದಿಸಿದ ಚಹಾವನ್ನೇ ಅದರೊಳಗೆ ಸುರಿದಿದ್ದಾಳೆ. ಹಾಲಿನ ಜಿಡ್ಡು ಕಾಗದದ ಕಣ್ಣು ಮುಚ್ಚಿಬಿಟ್ಟು ಒಂದು ಹನಿಯೂ ಇಳಿಯದೆ ಚಹಾ ಹಾಗೇ ನಿಂತಿತ್ತು. ಜರಡಿಯಲ್ಲೇ ಸೋಸಿಕೊಡವ್ವಾ ಎಂದು ಬಂದೆ. ಮಧ್ಯಾಹ್ನ ಹಿತ್ತಲಿಗೆ ಹೋದಾಗ, ತಂತಿಯ ಮೇಲೆ ಅವಳ ಇಳಕಲ್ ಸೀರೆಯ ಪಕ್ಕದಲ್ಲಿ ಆ ಕಾಗದವೂ ಒಣಗುತ್ತಿತ್ತು. ತೊಳೆದು, ಹಿಂಡಿ, ಕ್ಲಿಪ್ಪು ಹಾಕಿದ್ದಳು.